ನಲವತ್ತು ಇಂಟು ಇಪ್ಪತ್ತೈದು

೧೯೬೩ನೆಯ ಇಸವಿ. ಬೇಲೂರಿನ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ ನಾನು ಲ್ಯಾಬೊರೇಟರಿ ಟೆಕ್ನಿಷಿಯನ್. ವಯಸ್ಸು ಇಪ್ಪತ್ತಾರು, ಸರ್ವಿಸ್ ಮೂರು ವರ್ಷ. ಅರಸೀಕೆರೆಯ ಕೆಲವು ಕೊಬ್ಬರಿ ವರ್ತಕರು ಸೇರಿ ಮಾಡಿಕೊಂಡ ಟ್ರಸ್ಟು ಆ ಆಸ್ಪತ್ರೆಯನ್ನು ನಡೆಸುತ್ತಿತ್ತು. ಹನ್ನೆರಡು ಹಾಸಿಗೆ, ಒಬ್ಬ ಡಾಕ್ಟರು, ಇಬ್ಬರು ನರ್ಸುಗಳು, ಒಬ್ಬ ಅಟೆಂಡರ್, ಮತ್ತು ನಾನು. ಈಗ ಆ ಆಸ್ಪತ್ರೆಯೂ ಇಲ್ಲ, ಟ್ರಸ್ಟೂ ಇಲ್ಲ. ಹಾಗಾಗಿ ಯಾರ ಮನಸ್ಸನ್ನೂ ನೋಯಿಸದೆ ಇದನ್ನು ಬರೆಯಬಹುದು. ಒಂದಿಬ್ಬರ ಮನಸ್ಸನ್ನು ಚೂರು ನೋಯಿಸಬೇಕೆಂಬ ಆಸೆ ನನಗೆ ಆಗ ಇತ್ತು, ಐ ಮಸ್ಟ್ ಕನ್‌ಫೆಸ್. ಈಗ ಅವರಾರೂ ಉಳಿದಿಲ್ಲ.

ನನ್ನ ಲ್ಯಾಬು ಎಂದರೆ ಔಷಧಿ ಕೋಣೆಯ ಹಿಂದಿನ ಎಂಟಡಿ ಹತ್ತಡಿಯ ಜಾಗ. ಅದರ ಏಕೈಕ ಐಶ್ವರ್ಯ ಉತ್ತರದ ಕಡೆಯ ಕಿಟಕಿ. ಕರೆಂಟು ಬರುತ್ತಿತ್ತು, ಹೋಗುತ್ತಿತ್ತು. ಅದನ್ನು ನಂಬಿ ಮೈಕ್ರೋಸ್ಕೋಪ್ ನೋಡುವಂತಿರಲಿಲ್ಲ. ಕಿಟಕಿಯ ಬೆಳಕನ್ನು ಮೈಕ್ರೋಸ್ಕೋಪಿನ ಕೆಳಗಿರುವ ಪುಟ್ಟ ಕನ್ನಡಿಯಿಂದ ಮೇಲಕ್ಕೆ ತಿರುಗಿಸಿಕೊಂಡು ಕೆಲಸ ಮಾಡಬೇಕು. ಬೆಳಗಿನ ಒಂಬತ್ತರಿಂದ ಹನ್ನೊಂದರವರೆಗಿನ ಆ ತಂಪು ಬೆಳಕು, ಸೀಡರ್‌ವುಡ್ ಎಣ್ಣೆಯ ವಾಸನೆ, ಹೊರಗೆ ಕಷಾಯದಂಥ ಕಾಫಿ ಕುಡಿಯುತ್ತ ಸರದಿಗೆ ಕಾಯುವ ಜನರ ಮಾತು. ಈಗಲೂ ಕಣ್ಣು ಮುಚ್ಚಿದರೆ ಅಲ್ಲೇ ಕೂತಿರುತ್ತೇನೆ.

ಓದುಗರಿಗಾಗಿ ಒಂದೆರಡು ಮಾತು. ಮೈಕ್ರೋಸ್ಕೋಪಿನಲ್ಲಿ ಎರಡು ಕಡೆ ಲೆನ್ಸು ಇರುತ್ತವೆ. ಕಣ್ಣಿನ ಹತ್ತಿರದ್ದು ಐಪೀಸ್. ವಸ್ತುವಿನ ಹತ್ತಿರದ್ದು, ಕೆಳಗೆ ಬೆರಳಿನಂತೆ ಚಾಚಿಕೊಂಡಿರುವುದು, ಆಬ್ಜೆಕ್ಟಿವ್. ನಮ್ಮಲ್ಲಿ ಮೂರು ಆಬ್ಜೆಕ್ಟಿವ್‌ಗಳಿದ್ದವು: ಹತ್ತು ಪಟ್ಟಿನದು, ನಲವತ್ತು ಪಟ್ಟಿನದು, ನೂರು ಪಟ್ಟಿನದು. ನೂರರದ್ದಕ್ಕೆ ಆಯಿಲ್ ಇಮ್ಮರ್ಷನ್ ಎಂದು ಹೆಸರು. ಸ್ಲೈಡಿನ ಮೇಲೆ ಒಂದು ತೊಟ್ಟು ಎಣ್ಣೆ ಹಾಕಿ ಲೆನ್ಸಿನ ಮೂತಿಯನ್ನು ಆ ಎಣ್ಣೆಯಲ್ಲಿ ಮುಳುಗಿಸಿ ನೋಡಬೇಕು. ಗಾಜಿನಿಂದ ಹೊರಟ ಬೆಳಕು ಗಾಳಿಗೆ ಬಂದ ಕೂಡಲೇ ಬಾಗಿ ಚದುರಿಹೋಗುತ್ತದೆ. ನಡುವೆ ಎಣ್ಣೆಯಿದ್ದರೆ ಚದುರದೆ ನೆಟ್ಟಗೆ ಲೆನ್ಸಿನೊಳಕ್ಕೆ ಬರುತ್ತದೆ. ಕ್ಷಯದ ಕ್ರಿಮಿಯನ್ನು ನೋಡುವುದು ಈ ಲೆನ್ಸಿನಿಂದಲೇ. ಕಫವನ್ನು ಸ್ಲೈಡಿಗೆ ಬಳಿದು ಬಣ್ಣ ಹಾಕಿದರೆ, ನೀಲಿ ಹಿನ್ನೆಲೆಯಲ್ಲಿ ಕ್ರಿಮಿಗಳು ಮಾತ್ರ ಸಣ್ಣ ಕೆಂಪು ಕಡ್ಡಿಗಳಂತೆ ಕಾಣಿಸುತ್ತವೆ. ಒಂದು ಕಡ್ಡಿಯ ದಪ್ಪ ಅರ್ಧ ಮೈಕ್ರಾನ್ ಕೂಡ ಇರುವುದಿಲ್ಲ. ಮಿಲಿಮೀಟರನ್ನು ಸಾವಿರ ಭಾಗ ಮಾಡಿ, ಅದರಲ್ಲೊಂದನ್ನು ಮತ್ತೆ ಅರ್ಧ ಮಾಡಿ. ಅದಕ್ಕಿಂತ ತೆಳು.

ಆ ವರ್ಷ ಆಯುಧಪೂಜೆಗೆ ನಾನು ಮೂರು ದಿನ ರಜೆ ಹಾಕಿ ಅರಸೀಕೆರೆಯ ತಂದೆಯ ಮನೆಗೆ ಹೋಗಿದ್ದೆ. ವಾಪಸು ಬಂದ ಮರುದಿನ ಹಳೇಬೀಡಿನಿಂದ ರುಕ್ಮಿಣಿ ಬಂದಳು. ಇಪ್ಪತ್ತೆರಡು ವರ್ಷದ ಸ್ಕೂಲ್ ಟೀಚರು. ಮನೆಯಲ್ಲಿ ತಾಯಿ, ಹನ್ನೊಂದು ವರ್ಷದ ತಂಗಿ. ಸಂಬಳ ತರುವವಳು ಇವಳೊಬ್ಬಳೇ. ಎರಡು ತಿಂಗಳಿಂದ ಬಿಡದ ಕೆಮ್ಮು. ಪ್ರೊಬೇಷನ್ ಮುಗಿಯುತ್ತಿತ್ತು. ಡಿಸೆಂಬರ್ ಒಂದರೊಳಗೆ ಡಾಕ್ಟರ್ ಸರ್ಟಿಫಿಕೇಟ್ ತರದಿದ್ದರೆ ಕೆಲಸ ಕಾಯಂ ಆಗುವುದಿಲ್ಲ ಎಂದು ಹೆಡ್‌ಮಾಸ್ಟರು ಹೇಳಿದ್ದರು. ಮೂರು ಸಲ ಕಫ ಪರೀಕ್ಷೆ ಆಗಬೇಕು ಎಂದರು ನಮ್ಮ ಡಾಕ್ಟರ್ ಕೇಶವಯ್ಯನವರು. ಎಕ್ಸ್‌ರೇ ಬೇಲೂರಿನಲ್ಲಿರಲಿಲ್ಲ.

"ಮಿಸ್, ಇದರಲ್ಲಿ ಬಂತು ಅಂದ್ರೆ ನನ್ನ ಕಥೆ ಮುಗೀತು ಅಲ್ವಾ?" ಎಂದಳು, ಶೀಷೆ ಕೊಡುತ್ತ. ನಗುತ್ತಲೇ ಹೇಳಿದಳು. ಆದರೆ ಮುಚ್ಚಳವನ್ನು ಹಿಡಿದ ಬೆರಳು ಬಿಡಲೇ ಇಲ್ಲ, ನಾನೇ ಬಿಡಿಸಿಕೊಳ್ಳಬೇಕಾಯಿತು.

ಅಂದು ಮೋಡ. ಸ್ಲೈಡು ಸ್ವಲ್ಪ ಮಂಕಾಗಿ ಕಂಡಿತು. ಬೆಳಕು ಸಾಲದು ಅಂದುಕೊಂಡೆ. ನೂರು ಕಡೆ ಸರಿಸಿ ಸರಿಸಿ ನೋಡಿದೆ. ಕೆಂಪಿನದು ಏನೂ ಇಲ್ಲ. ರಿಜಿಸ್ಟರಿನಲ್ಲಿ ನೆಗೆಟಿವ್ ಎಂದು ಬರೆದು ಸಹಿ ಹಾಕಿದೆ. ರುಕ್ಮಿಣಿ ಕುಣಿಯುತ್ತಲೇ ಬಸ್ಸಿಗೆ ಹೋದಳು. ಇನ್ನೆರಡು ಸಲ ಕೊಡಬೇಕು ಎಂದು ಹಿಂದಿನಿಂದ ಕೂಗಿ ಹೇಳಿದೆ. "ಬರ್ತೀನಿ ಮಿಸ್, ಮೊದಲನೇದು ಗೆದ್ದಾಯ್ತಲ್ಲ!" ಎಂದಳು.

ಹತ್ತು ದಿನ ಕಳೆಯಿತು. ಮೋಡ ಹೋಗಿ ಬಿಸಿಲು ಬಂದರೂ ನೂರರ ಲೆನ್ಸಿನಲ್ಲಿ ಮಂಕು ಹೋಗಲಿಲ್ಲ. ಮಂಜಿನ ದಿನ ಗಾಜಿನ ಕಿಟಕಿಯಾಚೆ ನೋಡಿದ ಹಾಗೆ. ಎಣ್ಣೆ ಕರಗಿಸುವ ಕ್ಸೈಲೀನಿನಿಂದ ಒರೆಸಿದೆ, ಕನ್ನಡಿ ಒರೆಸಿದೆ, ಐಪೀಸ್ ಒರೆಸಿದೆ. ಕೊನೆಗೆ ಆಬ್ಜೆಕ್ಟಿವನ್ನು ತಿರುಗಿಸಿ ಬಿಚ್ಚಿ, ಐಪೀಸನ್ನು ತಲೆಕೆಳಗು ಹಿಡಿದು ಭೂತಗನ್ನಡಿಯ ಹಾಗೆ ಬಳಸಿ ಅದರ ಹಿಂಬದಿಯಿಂದ ಒಳಗೆ ನೋಡಿದೆ. ಒಳಗಡೆ, ಮುಂದಿನ ಗಾಜಿನ ಹಿಂದೆ, ಒಣಗಿದ ಕಂದು ಕಲೆ. ಮೂಗಿನ ಹತ್ತಿರ ಹಿಡಿದೆ. ಹುಣಸೆಹುಳಿ! ಕಾನ್ವೆಂಟಿನಲ್ಲಿ ನಮಗೆ ಬಾಟನಿ ಹೇಳಿಕೊಟ್ಟ ಸಿಸ್ಟರು ಲೆನ್ಸಿನ ಶತ್ರುಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿದ್ದರು: ಡಸ್ಟ್, ಡ್ಯಾಂಪ್, ಫಂಗಸ್, ಫಿಂಗರ್ಸ್. ಹುಣಸೆಹಣ್ಣು ಆ ಪಟ್ಟಿಯಲ್ಲಿರಲಿಲ್ಲ.

ಅಟೆಂಡರ್ ಚೌಡಪ್ಪನನ್ನು ಕರೆದೆ. ಐವತ್ತೈದು ದಾಟಿದ ಆಳು. ಆಸ್ಪತ್ರೆಗೆ ಸೇರುವ ಮುಂಚೆ ಮೂವತ್ತು ವರ್ಷ ದೇವಸ್ಥಾನದಲ್ಲಿ ದೀಪದ ಕಂಬ, ಆರತಿ ತಟ್ಟೆಗಳನ್ನು ಬೆಳಗುವ ಕೆಲಸ ಮಾಡಿದವನು.

"ಚೌಡಪ್ಪ, ಈ ಲೆನ್ಸಿಗೆ ಏನು ಮಾಡಿದೆ?"

"ನಾನೇನ್ ಮಾಡ್ಲಿ ಅಮ್ಮೋರೆ? ಆಯುಧಪೂಜೆಗೆ ಬೆಳಗಿದೆ, ಅಷ್ಟೇಯ."

"ಬೆಳಗಿದೆ ಅಂದ್ರೆ?"

"ಕರ್ರಗೆ ಕಿಲುಬು ಹಿಡ್ದಿತ್ತು. ಹಿಂದಿನ ದಿನ ಸಂಜೇನೇ ಹುಣಸೆನೀರ್ನಾಗೆ ನೆನೆಯಾಕಿದೆ. ಬೆಳಗ್ಗೆ ಬೂದಿ ಹಾಕಿ ಉಜ್ಜಿದೆ. ಗಂಧ ಕುಂಕುಮ ಇಟ್ಟು ಊದುಬತ್ತಿ ಬೆಳಗಿದೆ. ಇಲ್ನೋಡಿ, ಚಿನ್ನದಂಗೆ ಹೆಂಗೆ ಒಳೀತೈತೆ!"

"ಮೂರನ್ನೂ ನೆನೆಹಾಕಿದೆಯಾ?"

"ಇಲ್ಲ. ಉಳಿದವೆರಡು ಬೆಳ್ಳಗಿದ್ವಲ್ಲ. ಹಿತ್ತಾಳೆದು ಇದೊಂದೇಯ."

ನನಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. ಹತ್ತರದ್ದು, ನಲವತ್ತರದ್ದು ಹೊಸವು, ನಿಕಲ್ ಬಣ್ಣದವು; ನೂರರದ್ದು ಮಾತ್ರ ಹಳೆಯ ಹಿತ್ತಾಳೆ. ಅತ್ಯಂತ ಮುಖ್ಯವಾದದ್ದನ್ನೇ ಹುಡುಕಿ ಪೂಜೆ ಮಾಡಿದ್ದ. ಬೂದಿಯ ಗೀರು ದೊಡ್ಡ ವಿಷಯವಲ್ಲ, ಮೂತಿಯ ಗೀರುಗಳನ್ನು ಎಣ್ಣೆಯೇ ಅಷ್ಟಿಷ್ಟು ತುಂಬಿಬಿಡುತ್ತದೆ. ಒಳಕ್ಕೆ ಇಳಿದು ಒಣಗಿದ ಹುಣಸೆನೀರಿಗೆ ಮದ್ದಿಲ್ಲ.

"ಹಾಳು ಮಾಡಿಬಿಟ್ಟೆಯಲ್ಲಪ್ಪಾ! ಇದರಲ್ಲಿ ಇನ್ನು ಏನೂ ಕಾಣಿಸಲ್ಲ," ಎಂದು ಕೂಗಾಡಿದೆ.

ಚೌಡಪ್ಪನಿಗೆ ನಿಜವಾಗಿ ನೋವಾಯಿತು. "ಮೂವತ್ತು ವರ್ಷ ದೀಪ ಬೆಳಗಿದೀನಿ ಅಮ್ಮೋರೆ. ಬೆಳಗಿದ್ಕೆ ಒಂದು ದೀಪನೂ ಉರಿಯಾಕಿಲ್ಲ ಅಂದಿಲ್ಲ," ಎಂದು ಹೊರಟುಹೋದ.

ಅಂದೇ ಟ್ರಸ್ಟಿನ ಆಫೀಸಿಗೆ ಕಾಗದ ಬರೆದೆ. ಆಫೀಸು, ಉಗ್ರಾಣ ಎರಡೂ ಅರಸೀಕೆರೆಯಲ್ಲಿ. ಎರಡಕ್ಕೂ ಅಧಿಪತಿ ಸ್ಟೋರ್‌ಕೀಪರ್ ಶೇಷಪ್ಪನವರು. ನೂರು ಪಟ್ಟಿನ ಆಯಿಲ್ ಇಮ್ಮರ್ಷನ್ ಆಬ್ಜೆಕ್ಟಿವ್ ಒಂದು ತುರ್ತಾಗಿ ಬೇಕು, ಹತ್ತು ಪಟ್ಟಿನ ಐಪೀಸಿನೊಡನೆ ಒಟ್ಟು ಸಾವಿರ ಪಟ್ಟು ವರ್ಧನೆ ಬರಬೇಕು ಎಂದು ವಿವರವಾಗಿ ಬರೆದೆ. ವಿವರವಾಗಿ ಬರೆದದ್ದೇ ತಪ್ಪಾಯಿತು. ಎರಡು ವಾರವಾದ ಮೇಲೆ ಒಂದು ಸಣ್ಣ ಪಾರ್ಸೆಲ್ ಬಂತು. ಬಿಚ್ಚಿದರೆ ಒಳಗೆ ಆಬ್ಜೆಕ್ಟಿವ್ ಇಲ್ಲ, ಇಪ್ಪತ್ತೈದು ಪಟ್ಟಿನ ಒಂದು ಐಪೀಸ್! ಜೊತೆಗೆ ಕಾಗದ: "ತಾವು ಕೋರಿರುವ ಸಾವಿರ ಪಟ್ಟು ವರ್ಧನೆಯನ್ನು ದಾಸ್ತಾನಿನಲ್ಲಿರುವ ಸಾಮಗ್ರಿಯಿಂದಲೇ ಒದಗಿಸಬಹುದೆಂದು ತಿಳಿಸಲು ಸಂತೋಷವಾಗುತ್ತದೆ. ೧೦೦ x ೧೦ = ೧೦೦೦. ೪೦ x ೨೫ = ೧೦೦೦. ಆದಕಾರಣ ಹೊಸ ಲೆನ್ಸಿನ ಅವಶ್ಯಕತೆ ಕಂಡುಬರುವುದಿಲ್ಲ."

ಲೆಕ್ಕದಲ್ಲಿ ಒಂದು ಚುಕ್ಕೆ ತಪ್ಪಿಲ್ಲ. ಅದೇ ನನ್ನ ಹೊಟ್ಟೆಯುರಿಗೆ ಕಾರಣ. ಹೆಸರಿಗೆ ಮೈಕ್ರೋಸ್ಕೋಪು ಎಂದರೆ ದೊಡ್ಡದು ಮಾಡುವ ಯಂತ್ರ ಎಂದು ಎಲ್ಲರೂ ತಿಳಿದಿರುತ್ತಾರೆ. ದೊಡ್ಡದು ಮಾಡುವುದು ಅದರ ಸಣ್ಣ ಕೆಲಸ. ದೊಡ್ಡ ಕೆಲಸ ಬಿಡಿಸಿ ತೋರಿಸುವುದು: ಪಕ್ಕಪಕ್ಕದಲ್ಲಿರುವ ಎರಡು ಚುಕ್ಕೆಗಳನ್ನು ಎರಡು ಎಂದೇ ತೋರಿಸುವುದು. ಆ ಶಕ್ತಿ ಇರುವುದು ಆಬ್ಜೆಕ್ಟಿವ್‌ಗೆ ಮಾತ್ರ. ಅದು ಎಷ್ಟು ಅಗಲದಿಂದ ಬೆಳಕನ್ನು ಒಳಗೆ ತೆಗೆದುಕೊಳ್ಳುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಅದರ ಅಳತೆಯನ್ನು ನ್ಯೂಮೆರಿಕಲ್ ಅಪರ್ಚರ್ ಎನ್ನುತ್ತಾರೆ, ಲೆನ್ಸಿನ ಮೈಮೇಲೆ ಪಟ್ಟಿನ ಸಂಖ್ಯೆಯ ಪಕ್ಕದಲ್ಲೇ ಕೆತ್ತಿರುತ್ತಾರೆ. ನಮ್ಮ ನಲವತ್ತರ ಲೆನ್ಸಿಗೆ ೦.೬೫, ನೂರರದ್ದಕ್ಕೆ ೧.೨೫. ಮೊದಲನೆಯದು ಅರ್ಧ ಮೈಕ್ರಾನಿಗಿಂತ ಸೂಕ್ಷ್ಮವಾದದ್ದನ್ನು ಬಿಡಿಸಲಾರದು. ಎರಡನೆಯದು ಕಾಲು ಮೈಕ್ರಾನಿನ ಹತ್ತಿರದವರೆಗೆ ಬಿಡಿಸುತ್ತದೆ. ಆಬ್ಜೆಕ್ಟಿವ್ ಬಿಡಿಸದೆ ಬಿಟ್ಟದ್ದನ್ನು ಐಪೀಸು ಎಷ್ಟು ದೊಡ್ಡದು ಮಾಡಿದರೇನು, ದೊಡ್ಡ ಮಬ್ಬು ಸಿಗುತ್ತದೆ. ಎಂಪ್ಟಿ ಮ್ಯಾಗ್ನಿಫಿಕೇಶನ್ ಎಂದು ಇಂಗ್ಲಿಷಿನಲ್ಲಿ ಅದಕ್ಕೆ ಹೆಸರೇ ಇದೆ.

ಇಷ್ಟು ಹೊತ್ತಿಗೆ ನವೆಂಬರ್ ಮುಗಿಯುತ್ತ ಬಂದಿತ್ತು. ರುಕ್ಮಿಣಿ ಎರಡನೆಯ, ಮೂರನೆಯ ಸಲದ ಕಫ ಕೊಟ್ಟುಹೋಗಿದ್ದಳು. ಬೇರೆ ದಾರಿಯಿಲ್ಲದೆ ಶೇಷಪ್ಪನವರ ಐಪೀಸನ್ನೇ ಹಾಕಿ ಎರಡನೆಯ ಸ್ಲೈಡು ನೋಡಿದೆ. ನೀಲಿ ಮಬ್ಬಿನಲ್ಲಿ ಅಲ್ಲಲ್ಲಿ ಕೆಂಪು. ಕಡ್ಡಿಯೋ, ಚುಕ್ಕೆಯೋ, ಬಣ್ಣದ ಕೊಳೆಯೋ? ಕಣ್ಣು ನೀರೂರುವವರೆಗೆ ನೋಡಿದರೂ ಗೊತ್ತಾಗಲಿಲ್ಲ.

ಶುಕ್ರವಾರ ಡಾಕ್ಟರ್ ಕೇಶವಯ್ಯನವರು ಬಾಗಿಲಲ್ಲಿ ನಿಂತು ಕೇಳಿದರು. "ಆ ಟೀಚರ್ದು ಏನಾಯ್ತು ಮಿಸ್? ಸೋಮವಾರ ನಾನು ಸರ್ಟಿಫಿಕೇಟ್ ಕೊಡಬೇಕು. ಎಸ್ ಆರ್ ನೋ?"

"ಕಾಣಿಸ್ತಿಲ್ಲ ಡಾಕ್ಟರ್."

"ಕಾಣಿಸಲ್ಲ ಅಂದ್ರೆ ನೆಗೆಟಿವ್ ತಾನೇ?"

"ಅಲ್ಲ ಡಾಕ್ಟರ್. ಕೆಂಪು ಏನೋ ಕಾಣತ್ತೆ, ಕ್ರಿಮಿ ಇದೆಯೋ ಇಲ್ಲವೋ ಅಂತ ಹೇಳೋಷ್ಟು ಕಾಣಿಸ್ತಿಲ್ಲ."

"ಫಾರಂನಲ್ಲಿ ಅದಕ್ಕೆ ಎಲ್ಲಿದೆಯಮ್ಮಾ ಕಾಲಂ?" ಎಂದು ಅವರು ರೇಗಿದರು. ಕೆಟ್ಟ ಮನುಷ್ಯರಲ್ಲ. ದಿನಕ್ಕೆ ಎಂಬತ್ತು ರೋಗಿಗಳನ್ನು ನೋಡುವವರು. "ಮೊದಲನೇದು ನೀವೇ ನೆಗೆಟಿವ್ ಕೊಟ್ಟಿದೀರಿ. ಈಗ ಕೆಂಪು ಕಾಣತ್ತೆ ಅಂತೀರಿ. ಪಾಸಿಟಿವ್ ಅಂದ್ರೆ ಆ ಹುಡುಗಿ ಸ್ಯಾನಟೋರಿಯಂ ಕಡೆ, ಅವಳ ಕೆಲಸ ನೀರುಪಾಲು. ಯಾವುದಾದ್ರೂ ಒಂದು ಹೇಳಿ."

ಆಗ ಹೊಳೆಯಿತು. ಮೊದಲನೆಯದು! ಆ ನೆಗೆಟಿವ್ ಬರೆದದ್ದು ಯಾವ ಲೆನ್ಸಿನಿಂದ? ಹುಣಸೆನೀರಿನ ಲೆನ್ಸಿನಿಂದ. ಮೋಡದ ಮೇಲೆ ತಪ್ಪು ಹೊರಿಸಿ ಸಹಿ ಹಾಕಿದವಳು ನಾನು. ಚೌಡಪ್ಪನ ಮೇಲೆ, ಶೇಷಪ್ಪನವರ ಮೇಲೆ ಇಷ್ಟು ದಿನ ಹಾರಾಡಿದ್ದೆ. ಆ ಸಹಿಯನ್ನು ಮಾತ್ರ ಮರೆತಿದ್ದೆ. ಸ್ಲೈಡುಗಳನ್ನು ಎಸೆಯದೆ ಎರಡು ತಿಂಗಳು ಪೆಟ್ಟಿಗೆಯಲ್ಲಿಡುವುದು ಸಿಸ್ಟರು ಕಲಿಸಿದ ಅಭ್ಯಾಸ. ಆ ಪೆಟ್ಟಿಗೆ ತೆಗೆದೆ. ಮೊದಲನೆಯ ಸ್ಲೈಡು ಇತ್ತು.

ಹಾಸನಕ್ಕೆ ಕಳಿಸಿದರೆ ಉತ್ತರ ಬರಲು ಎರಡು ವಾರ. ಅರಸೀಕೆರೆಯಲ್ಲಿ ನಮ್ಮ ತಂದೆಯ ಮನೆಯ ಬೀದಿಯಲ್ಲೇ ದನದ ಡಾಕ್ಟರು ಗಂಗಾಧರಯ್ಯನವರಿದ್ದರು. ದನಗಳ ರಕ್ತದಲ್ಲಿ ರೋಗ ಹುಡುಕಲು ಅವರ ಆಸ್ಪತ್ರೆಗೆ ಹೊಸ ಮೈಕ್ರೋಸ್ಕೋಪು ಬಂದಿರುವುದನ್ನು ಹಬ್ಬದಲ್ಲಿ ಹೇಳಿದ್ದರು. ಶನಿವಾರ ಬೆಳಗ್ಗೆ ಮೂರು ಸ್ಲೈಡು, ಆ ಇಪ್ಪತ್ತೈದರ ಐಪೀಸು ಎರಡನ್ನೂ ಕೈಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಹಳೇಬೀಡಿನಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತಿತ್ತು. ಛತ್ರಿ ಹಿಡಿದು ಶಾಲೆಗೆ ಹೊರಟಿದ್ದ ರುಕ್ಮಿಣಿ ನನ್ನನ್ನು ನೋಡಿ ಕಿಟಕಿಯ ಹತ್ತಿರ ಓಡಿಬಂದಳು.

"ಎಲ್ಲಿಗೆ ಮಿಸ್, ಶನಿವಾರದ ದಿನ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವಳ ಮೂರೂ ಸ್ಲೈಡುಗಳನ್ನು ಒಳ್ಳೆಯ ಲೆನ್ಸಿನಲ್ಲಿ ನೋಡಲು ಅರಸೀಕೆರೆಗೆ ಒಯ್ಯುತ್ತಿದ್ದೇನೆ ಎಂದೆ. ಯಾವ ಆಸ್ಪತ್ರೆ ಎಂದು ಕೇಳಿದಳು. ಹೇಳಿದೆ.

"ದನದಾಸ್ಪತ್ರೆಗಾ!" ಸುತ್ತ ನೋಡಿ ಧ್ವನಿ ತಗ್ಗಿಸಿದಳು. "ಯಾರಿಗೂ ಹೇಳಬೇಡಿ ಮಿಸ್, ನಿಮ್ಮ ದಮ್ಮಯ್ಯ. ಮಕ್ಕಳು ಅಂಬಾ ಅಂತ ಕೂಗ್ತಾವೆ." ನಕ್ಕಳು, ನಗುತ್ತಲೇ ಕೆಮ್ಮಿದಳು. ಆಮೇಲೆ ಕೇಳಿದಳು: "ಮೊದಲನೇದು ನೆಗೆಟಿವ್ ಅಂದಿದ್ರಲ್ಲ. ಅದನ್ನೂ ಯಾಕೆ ತಗೊಂಡು ಹೋಗ್ತಿದೀರಿ?"

ಕಂಡಕ್ಟರು ಸೀಟಿ ಊದಿದ. ಉತ್ತರ ಹೇಳದೆ ತಪ್ಪಿಸಿಕೊಂಡೆ. ಜಾವಗಲ್ಲು ದಾಟುವವರೆಗೂ ಅವಳ ಛತ್ರಿ ಹಿಡಿದ ಕೈ ಕಣ್ಣ ಮುಂದೆಯೇ ಇತ್ತು.

ಅರಸೀಕೆರೆಯಲ್ಲಿ ಮೊದಲು ಟ್ರಸ್ಟಿನ ಆಫೀಸಿಗೆ ನುಗ್ಗಿದೆ. ನುಗ್ಗಿದೆ ಎಂಬುದೇ ಸರಿಯಾದ ಶಬ್ದ. ಶೇಷಪ್ಪನವರು ನಶ್ಯದ ಡಬ್ಬಿ ಮುಚ್ಚಿ, "ಬನ್ನಿ ಮಿಸ್. ಐಪೀಸ್ ತಲುಪಿತಾ? ಸಾವಿರ ಬಂತಾ?" ಎಂದರು.

"ಸಾವಿರ ಬಂತು ಶೇಷಪ್ಪನೋರೆ, ಕಣ್ಣಿಗೆ ಏನೂ ಬರಲಿಲ್ಲ."

"ಅದು ಹೇಗಮ್ಮ? ನಾಲ್ಕಿಪ್ಪತ್ತೈದಲಿ ನೂರು, ಪಕ್ಕಕ್ಕೊಂದು ಸೊನ್ನೆ."

ಅವರ ಹಿಂದಿನ ಗೋಡೆಯಲ್ಲಿ ಟ್ರಸ್ಟಿನವರೆಲ್ಲ ಹಳೇಬೀಡಿನ ಗುಡಿಯ ಮುಂದೆ ನಿಂತ ದೊಡ್ಡ ಫೋಟೋ ಇತ್ತು. ಸಣ್ಣದಾಗಿ ತೆಗೆದದ್ದನ್ನು ನಾಲ್ಕಡಿಗೆ ಹಿಗ್ಗಿಸಿದ್ದರು. "ಇದರಲ್ಲಿ ನೀವು ಯಾರು?" ಎಂದೆ.

"ಎಡಗಡೆಯಿಂದ ಮೂರನೆಯವನು."

"ನಿಮ್ಮ ಕನ್ನಡಕ ಕಾಣತ್ತಾ?"

ಎದ್ದು ಹತ್ತಿರ ಹೋಗಿ ನೋಡಿದರು. ಮುಖವಿದ್ದ ಕಡೆ ಬೂದು ಬಣ್ಣದ ಒಂದು ಕುಂಬಳಕಾಯಿ ಇತ್ತು. "ಇಲ್ಲ," ಎಂದರು.

"ಇದನ್ನ ಇನ್ನೂ ಎಂಟಡಿಗೆ ಹಿಗ್ಗಿಸಿದ್ರೆ ಕಾಣತ್ತಾ?"

"ಅದು ಸ್ಟುಡಿಯೋದವನ ತಪ್ಪು ಬಿಡಿ," ಎಂದರು ಶೇಷಪ್ಪನವರು, ಸೋಲದೆ. ಓ, ದಟ್ ಮ್ಯಾನ್! ನನ್ನ ತಾಳ್ಮೆ ಮುಗಿಯಿತು. ದನದಾಸ್ಪತ್ರೆಗೆ ಬನ್ನಿ, ಕಣ್ಣಾರೆ ತೋರಿಸುತ್ತೇನೆ ಎಂದೆ. ಅವರೂ ಹಟಕ್ಕೆ ಬಿದ್ದು, ಕೋಟು ಹಾಕಿಕೊಂಡು ಹೊರಟೇಬಿಟ್ಟರು.

ಗಂಗಾಧರಯ್ಯನವರು ವಿಷಯ ಕೇಳಿ ಮೈಕ್ರೋಸ್ಕೋಪಿನ ಗಾಜಿನ ಮುಸುಕು ತೆಗೆದರು. "ನಮ್ಮ ಪೇಷಂಟುಗಳು ಎಮ್ಮೆಗಳಮ್ಮ, ಸರ್ಟಿಫಿಕೇಟ್ ಬೇಕು ಅಂತ ಅವಸರ ಮಾಡಲ್ಲ. ನಿಧಾನವಾಗಿ ನೋಡಿ," ಎಂದರು.

ಮೊದಲು ಶೇಷಪ್ಪನವರಿಗೆ ತೋರಿಸಿದೆ. ಗಂಗಾಧರಯ್ಯನವರ ಬಳಿ ಕ್ಷಯದ ಕ್ರಿಮಿ ಖಂಡಿತ ಇದ್ದ ಒಂದು ಹಳೆಯ ಸ್ಲೈಡು ಇತ್ತು, ಯಾವುದೋ ಹಸುವಿನದು. ನಲವತ್ತರ ಆಬ್ಜೆಕ್ಟಿವ್, ಮೇಲೆ ಶೇಷಪ್ಪನವರೇ ಕಳಿಸಿದ್ದ ಇಪ್ಪತ್ತೈದರ ಐಪೀಸು. "ಏನು ಕಾಣತ್ತೆ?"

"ನೀಲಿ ಬಟ್ಟೆ ಮೇಲೆ ಎಲೆಅಡಿಕೆ ಉಗಿದ ಹಾಗೆ ಕಾಣತ್ತೆ."

ಆಮೇಲೆ ಎಣ್ಣೆ ಹಾಕಿ ನೂರರ ಆಬ್ಜೆಕ್ಟಿವ್, ಹತ್ತರ ಐಪೀಸು. ಅದೂ ಸಾವಿರ, ಇದೂ ಸಾವಿರ. ಶೇಷಪ್ಪನವರು ಕಣ್ಣಿಟ್ಟರು.

"ಕಡ್ಡಿಗಳು," ಎಂದರು ನಿಧಾನವಾಗಿ. "ಒಂದೊಂದೇ ಎಣಿಸಬಹುದಲ್ಲಮ್ಮಾ."

"ಎಣಿಸೋಕೆ ತಾನೇ ನಾನು ಕೇಳಿದ್ದು."

ಆಮೇಲೆ ಲೆನ್ಸನ್ನು ಚೆನ್ನಾಗಿ ಒರೆಸಿ, ಬೇರೆ ಎಣ್ಣೆ ಹಾಕಿ ರುಕ್ಮಿಣಿಯ ಎರಡನೆಯ ಸ್ಲೈಡು ಇಟ್ಟೆ. ಹಿಂದಿನ ಸ್ಲೈಡಿನ ಎಣ್ಣೆ ಲೆನ್ಸಿಗೆ ಅಂಟಿದ್ದರೆ ಅದರ ಕ್ರಿಮಿ ಇದಕ್ಕೆ ಬರಬಹುದು, ಆದ್ದರಿಂದ ಮೂರು ಸಲ ಒರೆಸಿದೆ. ಬೇಲೂರಿನಲ್ಲಿ ನಾನು ಹೆದರಿದ್ದ ಕೆಂಪೆಲ್ಲ ಮೂಲೆಮೂಲೆಯಾದ ಹರಳುಗಳು, ಸರಿಯಾಗಿ ಸೋಸದ ಬಣ್ಣದ ಚೂರುಗಳು. ಕ್ರಿಮಿಯಲ್ಲ. ಉಸಿರು ಬಿಟ್ಟೆ.

ಆಮೇಲೆ ಮೊದಲನೆಯ ಸ್ಲೈಡು. ನಾನು ಸಹಿ ಹಾಕಿದ್ದು. ಇಪ್ಪತ್ತು ಕಡೆ ನೋಡಿದೆ, ಏನಿಲ್ಲ. ನಲವತ್ತು. ಐವತ್ತಮೂರನೆಯ ಕಡೆ, ಎರಡು ಕೆಂಪು ಕಡ್ಡಿ, ಒಂದಕ್ಕೊಂದು ಒರಗಿಕೊಂಡು, ತುಸು ಬಾಗಿ, ಸ್ಪಷ್ಟವಾಗಿ. ನೂರು ಕಡೆ ಮುಗಿಯುವಷ್ಟರಲ್ಲಿ ಒಟ್ಟು ನಾಲ್ಕು. ಮೂರನೆಯ ಸ್ಲೈಡಿನಲ್ಲಿ ಎರಡು. ಗಂಗಾಧರಯ್ಯನವರನ್ನು ಕರೆದು ತೋರಿಸಿದೆ. ನೋಡಿ ತಲೆಯಾಡಿಸಿದರು.

ನೆಗೆಟಿವ್ ಎಂದು ಬರೆದದ್ದರಲ್ಲಿ ಇತ್ತು. ಪಾಸಿಟಿವ್ ಇರಬಹುದೆಂದು ಹೆದರಿದ್ದರಲ್ಲಿ ಇರಲಿಲ್ಲ. ಎರಡು ಕಡೆಯೂ ತಪ್ಪಿದ್ದೆ. ನನ್ನ ನೆಗೆಟಿವ್‌ನ ಧೈರ್ಯದ ಮೇಲೆ ಆ ಹುಡುಗಿ ಒಂದು ತಿಂಗಳು ನಲವತ್ತು ಮಕ್ಕಳ ಮುಂದೆ ನಿಂತು ಪದ್ಯ ಹೇಳಿಕೊಟ್ಟಿದ್ದಳು, ತಂಗಿಯ ಪಕ್ಕದಲ್ಲಿ ಮಲಗಿದ್ದಳು.

"ಹಾಗಾದ್ರೆ ಆ ಟೀಚರಮ್ಮನ ಕೆಲಸ?" ಎಂದು ಕೇಳಿದವರು ಶೇಷಪ್ಪನವರೇ.

ಸೋಮವಾರ ರುಕ್ಮಿಣಿ ಬಂದಾಗ ಡಾಕ್ಟರು ತಾವೇ ಹೇಳುತ್ತೇನೆ ಎಂದರು. ನಾನು ಬಿಡಲಿಲ್ಲ. ಮೊದಲ ರಿಪೋರ್ಟು ನನ್ನ ತಪ್ಪು, ಕೆಟ್ಟುಹೋದ ಲೆನ್ಸಿನಿಂದ ನೋಡಿದ್ದೆ, ನಿನಗೆ ಖಾಯಿಲೆ ಇದೆ, ಆದರೆ ಬಹಳ ಕಡಿಮೆ ಇದೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ಅಳಲಿಲ್ಲ. ಬೆಂಚಿನ ತುದಿ ಹಿಡಿದು ಕೂತಳು.

"ಗೊತ್ತಿಲ್ಲ ಅಂತಲಾದ್ರೂ ಹೇಳಬಾರದಿತ್ತಾ ಮಿಸ್?" ಎಂದಳು. "ತಂಗೀನ ಬೇರೆ ಮಲಗಿಸ್ತಿದ್ದೆ."

ಇಷ್ಟು ವರ್ಷಗಳಲ್ಲಿ ನನ್ನನ್ನು ಬೈದವರು ಬಹಳ ಜನ. ಆ ಮಾತಿನಷ್ಟು ಯಾವುದೂ ನಾಟಲಿಲ್ಲ.

ಡಾಕ್ಟರ್ ಕೇಶವಯ್ಯನವರು ಅಂದು ಬರೆದ ಕಾಗದವನ್ನು ನಾನು ಎರಡು ಸಲ ಓದಿದೆ. ಅನ್‌ಫಿಟ್ ಎಂಬ ಶಬ್ದವನ್ನೇ ಅವರು ಬಳಸಲಿಲ್ಲ. ರೋಗ ಆರಂಭದಲ್ಲೇ ಸಿಕ್ಕಿದೆ, ಮನೆಯಲ್ಲಿದ್ದುಕೊಂಡೇ ಚಿಕಿತ್ಸೆ ಸಾಧ್ಯ, ಸ್ಯಾನಟೋರಿಯಂ ಬೇಡ, ರಜೆ ಕೊಟ್ಟು ಪ್ರೊಬೇಷನ್ ಮುಂದುವರಿಸಿ, ಕಫ ಶುದ್ಧವಾದ ಮೇಲೆ ನಾನೇ ಖುದ್ದು ಸರ್ಟಿಫಿಕೇಟ್ ಕೊಡುತ್ತೇನೆ ಎಂದು ಬರೆದರು. ಅಂಚೆಯಲ್ಲಿ ಹಾಕದೆ ಬಸ್ಸಿನಲ್ಲಿ ಹಳೇಬೀಡಿಗೆ ಹೋಗಿ ಹೆಡ್‌ಮಾಸ್ಟರ ಕೈಗೇ ಕೊಟ್ಟರು. ತಂಗಿಯನ್ನೂ ತಾಯಿಯನ್ನೂ ಪರೀಕ್ಷೆ ಮಾಡಿಬಂದರು. ದೇವರ ದಯೆ, ಇಬ್ಬರಿಗೂ ಏನೂ ಇರಲಿಲ್ಲ. ಅಂದಿನಿಂದ ರುಕ್ಮಿಣಿ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ನಿಗೆ ಹಳೇಬೀಡಿನಿಂದ ಬರತೊಡಗಿದಳು.

ಜನವರಿಯಲ್ಲಿ ಶೇಷಪ್ಪನವರು ತಾವೇ ಬೇಲೂರಿಗೆ ಬಂದರು. ಬೆಂಗಳೂರಿನ ಅಂಗಡಿಯವನಿಂದ ಎರಡು ಲೆನ್ಸುಗಳನ್ನು ಆಯ್ಕೆಗೆಂದು ತಂದಿದ್ದರು. ಒಂದರ ಮೇಲೆ ೧೦೦, ೧.೨೫, ೧೭೦ ಎಂದಿತ್ತು. ಇನ್ನೊಂದರ ಮೇಲೆ ೯೦, ೧.೩೦, ೧೬೦. ಬಾಯಿ ತೆರೆಯುವಷ್ಟರಲ್ಲಿ ಅವರೇ ಶುರುಮಾಡಿದರು.

"ನೂರು ಬೇಡಮ್ಮ, ತೊಂಬತ್ತೇ ಸರಿ. ನಿಮ್ಮ ಮೈಕ್ರೋಸ್ಕೋಪಿನ ನಳಿಗೆ ನೂರ ಅರವತ್ತು ಮಿಲಿಮೀಟರು. ನೂರ ಎಪ್ಪತ್ತರ ನಳಿಗೆಗೆ ಮಾಡಿದ ಲೆನ್ಸು ಇದಕ್ಕೆ ಹಾಕಿದ್ರೆ ಚಿತ್ರ ಕೆಡತ್ತೆ. ಅಲ್ಲದೆ ಬೆಳಕು ತಗೊಳ್ಳೋದು ಇದರಲ್ಲೇ ಹೆಚ್ಚು, ಒಂದು ಪಾಯಿಂಟ್ ಮೂರು. ಗಂಗಾಧರಯ್ಯನೋರ ಹತ್ತಿರ ನಾಲ್ಕು ಸಂಜೆ ಕೂತು ಕಲಿತು ಬಂದಿದೀನಿ." ಆಮೇಲೆ ಕನ್ನಡಕ ಸರಿಮಾಡಿಕೊಂಡು, "ಒಂಬೈನೂರೇ ಆಗತ್ತೆ, ಸಾವಿರ ಆಗಲ್ಲ. ಪರವಾಗಿಲ್ವಾ?" ಎಂದರು.

ಪರವಾಗಿಲ್ಲ ಎಂದೆ. ಅಂದೇ ಅವರ ಮೇಲಿನ ಅರ್ಧ ಸಿಟ್ಟು ಇಳಿಯಿತು. ಉಳಿದರ್ಧ ಬಹಳ ದಿನ ಇತ್ತು.

ಚೌಡಪ್ಪನೊಡನೆ ಸಂಧಾನ ಇನ್ನೂ ಕಷ್ಟವಾಯಿತು. ಹೊಸ ಲೆನ್ಸಿಗೆ ಪೂಜೆ ಬೇಡ ಎಂದರೆ ಅವನು ಒಪ್ಪಲಾರ. ಕೊನೆಗೆ ಹೇಳಿದೆ: "ಗರ್ಭಗುಡಿ ಮೂರ್ತೀನ ಅರ್ಚಕರು ಬಿಟ್ಟು ಬೇರೆಯವರು ಮುಟ್ತಾರೇನಪ್ಪಾ?"

"ಛೇ, ಉಂಟೇ!"

"ಹಾಗೆ ಇದು ಮೂಲವಿಗ್ರಹ. ಈ ಮರದ ಪೆಟ್ಟಿಗೆ ಉತ್ಸವಮೂರ್ತಿ. ಗಂಧ, ಕುಂಕುಮ, ಹೂವು, ಎಲ್ಲ ಪೆಟ್ಟಿಗೆಗೆ ಮಾಡು."

ಸ್ವಲ್ಪ ಯೋಚಿಸಿ, "ಹಂಗಾದ್ರೆ ನೀವು ಅರ್ಚಕರಾ?" ಎಂದ. ಹೌದು ಎಂದೆ. ನಮ್ಮ ಸಿಸ್ಟರು ಕೇಳಿದ್ದರೆ ಮೂರ್ಛೆ ಹೋಗುತ್ತಿದ್ದರು. ನಾನು ಆ ಆಸ್ಪತ್ರೆ ಬಿಡುವವರೆಗೂ ಪ್ರತಿ ಆಯುಧಪೂಜೆಗೆ ಪೆಟ್ಟಿಗೆಗೆ ಅಲಂಕಾರವಾಯಿತು, ಲೆನ್ಸು ಬೀಗದೊಳಗಿತ್ತು.

೧೯೬೫ರ ಬೇಸಿಗೆಯಲ್ಲಿ, ಹದಿನೆಂಟು ತಿಂಗಳ ಚಿಕಿತ್ಸೆ ಮುಗಿದ ಮೇಲೆ, ರುಕ್ಮಿಣಿಯ ಕೊನೆಯ ಪರೀಕ್ಷೆ. ಕೆನ್ನೆ ತುಂಬಿತ್ತು, ಸೀರೆಯ ನೆರಿಗೆ ನಿಲ್ಲುತ್ತಿತ್ತು. ಆರನೆಯ ತಿಂಗಳಿನಿಂದಲೇ ಕಫದಲ್ಲಿ ಏನೂ ಸಿಕ್ಕಿರಲಿಲ್ಲ, ಮತ್ತೆ ಶಾಲೆಗೆ ಹೋಗುತ್ತಿದ್ದಳು; ಆದರೆ ಕಾಯಂ ಆಗಲು ಕೊನೆಯ ಸರ್ಟಿಫಿಕೇಟ್ ಬೇಕಿತ್ತು. ಮೂರು ದಿನ, ಮೂರು ಸ್ಲೈಡು. ಒಂದೊಂದನ್ನೂ ಮುನ್ನೂರು ಕಡೆ ನೋಡಿದೆ. ಬೆಳಗಿನ ಬೆಳಕಿನಲ್ಲಿ ಮಾತ್ರ ನೋಡಿದೆ. ಮೂರನೆಯ ದಿನ ರಿಜಿಸ್ಟರಿನಲ್ಲಿ ನೆಗೆಟಿವ್ ಎಂದು ಬರೆದೆ.

ಬೆಂಚಿನ ಮೇಲೆ ಕೂತಿದ್ದವಳು ಎದ್ದು ಬಂದು ಆ ಶಬ್ದವನ್ನು ನೋಡಿದಳು. ಹಿಂದೆ ಅದೇ ಶಬ್ದ, ಅದೇ ಕೈಬರಹ, ಅದೇ ಸಹಿ.

"ಈ ಸಲ ನಿಜವಾಗ್ಲೂ ನೋಡಿದ್ರಾ, ಮಿಸ್?" ಎಂದಳು.

ನಾನು ಸ್ಟೂಲಿನಿಂದ ಎದ್ದು ಅವಳನ್ನು ಕೂರಿಸಿದೆ. ಕಣ್ಣಿಡುವುದು ಹೇಗೆಂದು ತೋರಿಸಿ, ಸ್ಲೈಡನ್ನು ಮೆಲ್ಲಗೆ ಸರಿಸುತ್ತ ಹೋದೆ. ಬಹಳ ಹೊತ್ತು ನೋಡಿದಳು. "ಬರೀ ನೀಲಿ," ಎಂದಳು. ಇನ್ನಷ್ಟು ಸರಿಸಿದೆ. "ಬರೀ ನೀಲಿನೇ ಮಿಸ್." ಆಮೇಲೆ ಕಣ್ಣು ತೆಗೆಯದೆಯೇ ಕೇಳಿದಳು: "ಇದು ಯಾವ ಲೆನ್ಸು?"

"ತೊಂಬತ್ತು, ಆಯಿಲ್, ಒಂದು ಪಾಯಿಂಟ್ ಮೂರು."

"ಅದನ್ನೂ ಬರೀರಿ," ಎಂದಳು, ಟೀಚರಿನ ಧ್ವನಿಯಲ್ಲಿ.

ಬರೆದೆ. ಅಂದಿನಿಂದ ಮೂವತ್ತು ವರ್ಷ, ಬೇರೆ ಬೇರೆ ಊರಿನ ಆಸ್ಪತ್ರೆಗಳಲ್ಲಿ, ನಾನು ಕೊಟ್ಟ ಪ್ರತಿ ರಿಪೋರ್ಟಿನ ಕೆಳಗೂ ಯಾವ ಲೆನ್ಸಿನಿಂದ ಎಷ್ಟು ಕಡೆ ನೋಡಿದೆ ಎಂದು ಬರೆದೆ. ಸರಿಯಾಗಿ ಕಾಣದ ದಿನ ಕಾಣಲಿಲ್ಲ ಎಂದೇ ಬರೆದೆ, ಕಾಲಂ ಇಲ್ಲದ ಕಡೆ ಪೆನ್ನಿನಿಂದ ಗೆರೆ ಹಾಕಿಕೊಂಡು. ಕಿರಿಯ ಡಾಕ್ಟರುಗಳು ನಗುತ್ತಿದ್ದರು, ಒಂದಿಬ್ಬರು ರೇಗುತ್ತಿದ್ದರು. ರೇಗಲಿ. ಇಲ್ಲ ಎಂದು ಬರೆಯಬೇಕಾದರೆ, ಇದ್ದಿದ್ದರೆ ನನಗೆ ಕಂಡೇ ಕಾಣುತ್ತಿತ್ತು ಎಂದು ಹೇಳುವ ಧೈರ್ಯ ಮೊದಲು ಬೇಕು. ಆ ಕಸುಬು ನನಗೆ ಕಲಿಸಿದ್ದು ಅದೊಂದೇ. ಕಲಿತದ್ದು ಮಾತ್ರ ಬೇರೆಯವರ ಕೆಮ್ಮಿನ ಮೇಲೆ.